ಬಾಯಿ ತೆರೆಯಿರಿ ಎಂದೆ

ಶಿನ್ಶೂ, ಜಪಾನ್, ಏಪ್ರಿಲ್ 1934

ಮಾನ್ಯ ಮಿಯಾಜಿ ಅವರಿಗೆ, ನಿಮ್ಮ ಮಳಿಗೆಯಲ್ಲಿ ಬಾಡಿಗೆಗಿರುವ ಹಲ್ಲಿನ ವೈದ್ಯ ಕುವಾಬಾರಾನ ವಂದನೆಗಳು.

"ಕ್ಷಯದವರ ಬಾಯಿಗೆ ಹಾಕಿದ ಕೈನೇ ನಮ್ಮ ಬಾಯಿಗೂ ಹಾಕ್ತೀರಾ? ಬೆಟ್ಟದ ಆಸ್ಪತ್ರೆ ಬಿಡಿ, ಇಲ್ಲಾ ನನ್ನ ಮಳಿಗೆ ಬಿಡಿ" ಎಂದು ಮೊನ್ನೆ ಹೇಳಿದಿರಿ. ಮಾತಿನ ನಡುವೆಯೇ ಎದ್ದು ಬಂದದ್ದಕ್ಕೆ ಕ್ಷಮಿಸಿ.

ಮರುದಿನ ಬೆಟ್ಟದ ಆ ಸರ್ಕಾರಿ ಆಸ್ಪತ್ರೆಗೆ ಹೋದಾಗ, ಇನ್ನು ಬರಲಾರೆ ಎಂದು ಹೇಳಿಬಿಡುವ ಮನಸ್ಸಿತ್ತು. ಅಲ್ಲಿ ಇಸೋನೊ ಎಂಬ ಶಾಲಾ ಶಿಕ್ಷಕಿ, ಕ್ಷಯದ ರೋಗಿ, ನನಗಾಗಿ ಕಾದಿದ್ದರು. ದವಡೆ ಬಾತು, ಎಂಟು ತಿಂಗಳಿಂದ ಬರೀ ಗಂಜಿ ಕುಡಿದು ಸೊರಗಿದ್ದರು. ಮೂವರು ಹಲ್ಲಿನ ವೈದ್ಯರು ಅವರನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿದ್ದರಂತೆ. ಬಾಯಿ ತೆರೆಯಿರಿ ಎಂದೆ. ಅವರು ಬಾಯಿಗೆ ಅಡ್ಡ ಹಿಡಿದ ಕೈ ತೆಗೆಯಲೇ ಇಲ್ಲ.

"ನಿಜವಾಗ್ಲೂ ತೆರೀಲಾ, ಡಾಕ್ಟ್ರೇ? ಎರಡು ವರ್ಷದಿಂದ ಎಲ್ರೂ ಬಾಯಿ ಮುಚ್ಕೊಳ್ಳಿ ಅಂತಾನೇ ಹೇಳ್ತಿದಾರೆ" ಎಂದರು.

ಎರಡು ಹಲ್ಲು ಕಿತ್ತೆ. ಇನ್ನು ಬರಲಾರೆ ಎನ್ನಲು ಹೋಗಿದ್ದ ನನ್ನ ಬಾಯಿಂದ, ಮುಂದಿನ ವಾರವೂ ಬರುತ್ತೇನೆ ಎಂಬ ಮಾತು ಬಂತು.

ತಿಂಗಳ ಕೊನೆಗೆ ಮಳಿಗೆ ಬಿಟ್ಟುಕೊಡುತ್ತೇನೆ. ರೋಗಿಗಳನ್ನು ಕೂರಿಸುವ ಕುರ್ಚಿ ಬಹಳ ಭಾರ. ಆಸ್ಪತ್ರೆಯ ಗಾಡಿ ಬರುವವರೆಗೆ ಅದು ಒಳಗೇ ಇರಲಿ.

ನಿಮ್ಮ ತಾಯಿಯವರ ಹಲ್ಲಿನ ಸೆಟ್ಟು ಸಿದ್ಧವಾಗಿದೆ. ಔಷಧಿ ನೀರಿನಲ್ಲಿ ಮೂರು ಸಲ ತೊಳೆದಿಟ್ಟಿದ್ದೇನೆ. ಹೆದರದೆ ಹಾಕಿಕೊಳ್ಳಲು ಹೇಳಿ. ಒಸಡು ಒತ್ತಿದರೆ ಬೆಟ್ಟಕ್ಕೆ ಹೇಳಿ ಕಳಿಸಿ, ನಾನೇ ಇಳಿದು ಬರುತ್ತೇನೆ.

ನಿಮ್ಮ ವಿಧೇಯ,
ಕುವಾಬಾರಾ