ಬಕೀಟು ಹಿಡಿದವನ ಊಟ

ಗದಗ,
ಫೆಬ್ರವರಿ ಮೂವತ್ತು, 2231

ಇಪ್ಪತ್ತೊಂದನೆಯ ಶತಮಾನದ ಪೂಜ್ಯ ಹಿರಿಯರಿಗೆ, ನಿಮ್ಮ ಮರಿಮಕ್ಕಳ ಮರಿಮಗಳಾದ ನೀಲಗಂಗಾ ಮಾಡುವ ಸಾಷ್ಟಾಂಗ ನಮಸ್ಕಾರ.

ತಾರೀಖು ನೋಡಿ ಇದು ಯಾರದೋ ಕುಚೇಷ್ಟೆ ಎಂದು ಕಾಗದ ಮಡಚಬೇಡಿ. ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ಆ ಹಳೆಯ ಅನ್ಯಾಯವನ್ನು ನಮ್ಮ ಕಾಲದವರು ಸರಿಪಡಿಸಿದ್ದಾರೆ. ಸರಿಪಡಿಸಲಾದ ಅನ್ಯಾಯಗಳ ಪಟ್ಟಿಯಲ್ಲಿ ಸದ್ಯಕ್ಕೆ ಇರುವುದು ಅದೊಂದೇ. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಬರುತ್ತಿರುವುದು ಹಿಮ್ಮುಖ ಅಂಚೆಯಲ್ಲಿ. ಅಂದರೆ ಹಿಂದಿನ ಕಾಲಕ್ಕೆ ಟಪಾಲು ಒಯ್ಯುವ ಇಲಾಖೆ. ಒಯ್ಯುತ್ತೇವೆಂದು ಅವರು ಹೇಳುತ್ತಾರೆ; ಮುಟ್ಟಿತೆಂದು ಯಾರೂ ಇದುವರೆಗೆ ಉತ್ತರ ಬರೆದದ್ದಿಲ್ಲ.

ವಿಷಯಕ್ಕೆ ಬರುತ್ತೇನೆ. ನನ್ನ ತಮ್ಮ ಮುರಿಗೆಪ್ಪ, ವಯಸ್ಸು ಮೂವತ್ತಮೂರು, ಗಾಳಿಗಂಬಗಳ ರಿಪೇರಿ ಕೆಲಸದವನು, ಎಂಟು ತಿಂಗಳ ಹಿಂದೆ ಮನೆ ಬಿಟ್ಟು ಉತ್ತರ ಸಮುದ್ರದ ಒಂದು ದ್ವೀಪದಲ್ಲಿರುವ 'ಕೊನೆಯ ದಡ' ಎಂಬ ಪಂಗಡವನ್ನು ಸೇರಿದ್ದಾನೆ. ಲೋಕವನ್ನು ಶುದ್ಧಗೊಳಿಸುವುದಕ್ಕಾಗಿ ಹಡಗುಗಳನ್ನು ಮುಳುಗಿಸುವ ಜನ ಅವರು. ಒಳಗಿದ್ದವರನ್ನು ಇಳಿಸಿ ಮುಳುಗಿಸುವಷ್ಟು ವ್ಯವಧಾನ ಅವರಿಗಿಲ್ಲ. ಹೋದ ತಿಂಗಳು ಮುಳುಗಿದ ದೋಣಿಯಲ್ಲಿ ನೂರಾ ಹನ್ನೆರಡು ಮಂದಿಯಿದ್ದರು. ನಾಳೆ ಸೂರ್ಯಾಸ್ತಕ್ಕೆ ಆ ದ್ವೀಪದ ದಾರಿ ಮುಚ್ಚುತ್ತದೆ. ಅಷ್ಟರೊಳಗೆ ಶರಣಾದವರಿಗೆ ವಿಚಾರಣೆ, ಜೈಲು. ಒಂದಲ್ಲ ಒಂದು ದಿನ ಮನೆ. ಉಳಿದವರಿಗೆ ಏನೆಂದು ಸರಕಾರ ಬಾಯಿಬಿಟ್ಟು ಹೇಳಿಲ್ಲ. ಹೇಳದಿದ್ದರೂ ತಿಳಿಯುತ್ತದೆ.

ಇಂಥವರು ಯಾಕೆ ಹೋಗುತ್ತಾರೆಂದು ಕಂಡುಹಿಡಿಯಲು ನಮ್ಮಲ್ಲಿ ಕಾರಣ ಕಚೇರಿ ಎಂಬುದೊಂದಿದೆ. ಅಲ್ಲಿಂದ ಬಂದ ಅಧಿಕಾರಿ ಹೆಂಗಸು, ನಮ್ಮ ಕಡೆ ಕರೆಯುವಂತೆ ಬಾಯಿಯವರು, ನಲವತ್ತೊಂದು ಕಾರಣಗಳ ಫಾರಂ ಹಿಡಿದು ನಮ್ಮ ಪಡಸಾಲೆಯಲ್ಲಿ ಕೂತರು. ಬಡತನ? ಇಲ್ಲ. ಸೇಡು? ಯಾರ ಮೇಲೆ? ಧರ್ಮದ ಹುಚ್ಚು? ಹಬ್ಬದ ದಿನವೂ ಸ್ನಾನಕ್ಕೆ ಎಬ್ಬಿಸಬೇಕಿತ್ತು. ಪ್ರೇಮಭಂಗ ಎಂದಾಗ ಅಪ್ಪ, "ಅವಗ ಅಷ್ಟು ಪುರುಸೊತ್ತು ಎಲ್ಲಿತ್ರೀ? ಎಲ್ಲಾರ ಮದುವ್ಯಾಗೂ ಸಾರು ಬಡಸಾವ ಅವನs" ಎಂದರು. ಬಾಯಿಯವರು ಪೆನ್ನು ಎತ್ತಿದರು, ಫಾರಂ ತಿರುವಿದರು, ಮತ್ತೆ ಇಳಿಸಿದರು. ಸಾರು ಬಡಿಸುವುದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ.

ಅಪ್ಪ ಹೇಳಿದ್ದು ಸುಳ್ಳಲ್ಲ. ಬಸ್ಸುಗಳು ಮೋಡದ ಮೇಲೆ ಹಾರುವ ನಮ್ಮ ಕಾಲದಲ್ಲೂ ಪಂಕ್ತಿಯ ಊಟ ಹಾಗೇ ಉಳಿದಿದೆ. ಬಾಳೆ ಎಲೆಯ ಮುಂದೆ ಕೂತವನು ಬಡಿಸುವವನನ್ನು ಹೆಸರು ಹಿಡಿದು ಕರೆಯುವುದಿಲ್ಲ ಎಂಬುದು ನಿಮ್ಮಿಂದ ಬಂದ ಪದ್ಧತಿಯೇ ಇರಬೇಕು. "ಅನ್ನ, ಇಲ್ಲಿ!" "ಏ ಸಾರು, ಈ ಕಡೆ ಬರ್ರೀ!" ಮುರಿಗೆಪ್ಪ ಹದಿನೈದು ವರ್ಷ ಬಂಧುಬಳಗದ ಸಮಸ್ತ ಕಾರ್ಯಗಳಲ್ಲಿ ಸಾರು ಆಗಿದ್ದ. ಅತಿಥಿಯ ಬಟ್ಟೆಯ ಮೇಲೆ ಹನಿ ಬೀಳಬಾರದೆಂದು ಸೌಟನ್ನು ಬಕೀಟಿನ ಅಂಚಿಗೆ ಎರಡು ಸಲ ಬಡಿಯುವುದು ಅವನ ಅಭ್ಯಾಸ. ಟಣ್, ಟಣ್. ಕಣ್ಣು ಮುಚ್ಚಿಕೊಂಡಿದ್ದರೂ ಅವನು ಬಂದದ್ದು ತಿಳಿಯುತ್ತಿತ್ತು. ಕೊನೆಯ ಪಂಕ್ತಿ ಎದ್ದ ಮೇಲೆ ಅವನು ಉಂಡನೋ ಇಲ್ಲವೋ ಎಂದು ವಿಚಾರಿಸಿದವರು ಯಾರು? ನಾನಂತೂ ಅಲ್ಲ. ನಾನು ಮೊದಲ ಪಂಕ್ತಿಯಲ್ಲಿ ಉಂಡು, ಎಲೆ ಅಡಿಕೆ ಹಾಕಿಕೊಂಡು, ಗೋಡೆಗೆ ಒರಗಿರುತ್ತಿದ್ದೆ.

ವಿಚಾರಿಸಿದ್ದು ಆ 'ಕೊನೆಯ ದಡ'ದವರು. ಪ್ರತಿದಿನ ಮಧ್ಯಾಹ್ನ ಒಂದೂವರೆಗೆ ಅವನ ಕೈಫೋನಿಗೆ ಒಂದು ಮಾತು ಬರುತ್ತಿತ್ತಂತೆ: "ಊಟಾ ಆತೇನಣ್ಣಾ?" ಶುದ್ಧ ಗದಗಿನ ಮಾತು. ಕಳಿಸುತ್ತಿದ್ದುದು ದ್ವೀಪದಲ್ಲಿದ್ದ ಒಂದು ಯಂತ್ರ. ಅದೇ ಹೊತ್ತಿಗೆ ಬೇರೆ ಬೇರೆ ದೇಶಗಳ ಮೂರು ಸಾವಿರ ಮಂದಿಗೆ ಅವರವರ ಭಾಷೆಯಲ್ಲಿ ಅದು ಇದನ್ನೇ ಕೇಳುತ್ತಿತ್ತು. ನಾಲ್ಕು ತಿಂಗಳು ಬರೀ ಊಟದ ಮಾತು; ಲೋಕಶುದ್ಧಿಯ ಮಾತು ಶುರುವಾದದ್ದು ಐದನೆಯ ತಿಂಗಳಿಂದ. ಅಷ್ಟರಲ್ಲಿ ಮುರಿಗೆಪ್ಪ ಒಂದೂವರೆಗಾಗಿ ಬದುಕುತ್ತಿದ್ದ.

ಅವನು ಬದಲಾದದ್ದು ನಮಗೆ ತಿಳಿಯಲಿಲ್ಲವೇ ಎಂದು ಕೇಳುತ್ತೀರಿ. ತಿಳಿಯಿತು, ಪೂಜ್ಯರೇ. ಇಲ್ಲಿ ಪ್ರತಿ ಮನೆಯ ಬಾಗಿಲಲ್ಲಿ ಮನದೀಪ ಇರುತ್ತದೆ. ಮನೆಯವರಲ್ಲಿ ಒಬ್ಬರ ಮನಸ್ಸು ಕುಗ್ಗಿದರೂ ಕೆಂಪಾಗುತ್ತದೆ, ಎಲ್ಲರೂ ನೆಮ್ಮದಿಯಾಗಿದ್ದರೆ ಹಸಿರಾಗುತ್ತದೆ. ವರ್ಷಗಟ್ಟಲೆ ಕೆಂಪಾಗಿಯೇ ಇದ್ದ ನಮ್ಮ ದೀಪ ಆ ದಿನಗಳಲ್ಲಿ ಹಸಿರಾಯಿತು. ಏಳು ದಿನ ಸತತ ಹಸಿರು! ಮುರಿಗೆಪ್ಪ ಶಿಳ್ಳೆ ಹೊಡೆಯುತ್ತಿದ್ದ, ತಾನಾಗಿಯೇ ಗಡ್ಡ ಹೆರೆದುಕೊಳ್ಳುತ್ತಿದ್ದ. ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು. ಏಳು ದಿನ ಹಸಿರಾದರೆ ಹಸಿರೂಟ ಹಾಕಿಸುವುದು ನಮ್ಮ ಕಾಲದ ರೂಢಿ. ಹಾಕಿಸಿದೆವು. ಗೋದಿ ಹುಗ್ಗಿ, ಎಣ್ಣೆಗಾಯಿ, ಅನ್ನ, ಸಾರು. ನೂರು ಜನ ಬಂದು ಮುರಿಗೆಪ್ಪನ ಸಂತೋಷಕ್ಕಾಗಿ ಉಂಡರು. ಸಾರು ಬಡಿಸಿದವನು ಮುರಿಗೆಪ್ಪ. "ಏ ಸಾರು, ಈ ಕಡೆ!" ಎಂದು ಕೂಗಿದವರಲ್ಲಿ ನಾನೂ ಒಬ್ಬಳು. ಅದಾದ ನಾಲ್ಕನೆಯ ದಿನ ಅವನು ಹೋದ.

ಒಂದು ಚೀಟಿ ಇಟ್ಟು ಹೋಗಿದ್ದ: "ಅಕ್ಕಾ, ಕೇಳೂದು ಯಂತ್ರ ಅಂತ ನನಗೂ ಗೊತ್ತೈತಿ. ಆದ್ರೂ ಕೇಳತೈತಿ."

ನಿನ್ನೆ ಕಾರಣ ಕಚೇರಿಯವರು ಕೂಗುಹಕ್ಕಿ ತಂದಿದ್ದರು. ಮನೆಯವರ ಕರೆಯನ್ನು ತುಂಬಿಕೊಂಡು ದ್ವೀಪದ ಮೇಲೆ ಹಾರಿ, ಅದನ್ನು ಗಟ್ಟಿಯಾಗಿ ಕೂಗಿ, ಅಲ್ಲಿಯ ಸದ್ದನ್ನು ಹಿಡಿದು ತರುವ ಲೋಹದ ಹಕ್ಕಿ ಅದು. ಒಂದು ಮನೆಗೆ ಒಂದೇ ಕರೆ, ಇಪ್ಪತ್ತು ಸೆಕೆಂಡು. ಹೇಳಬೇಕಾದ್ದನ್ನು ನಾನು ಅಂಗೈ ಮೇಲೆ ಬರೆದುಕೊಂಡಿದ್ದೆ. ಮೂರೇ ಪದ: ಊಟಾ ಆತೇನೋ, ತಮ್ಮಾ?

ಅಪ್ಪ ಗಂಟಲು ಸರಿಮಾಡಿಕೊಳ್ಳುವುದರಲ್ಲಿ ಆರು ಸೆಕೆಂಡು ಹೋಯಿತು. ಅವ್ವನ ಅಳುವಿಗೆ ಐದು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಸೋಮಣ್ಣ ಕಾಕಾ ಹಿಂದಿನಿಂದ ನುಗ್ಗಿ, "ಏ ಮುರಿಗ್ಯಾ! ಮುಂದಿನ ತಿಂಗಳ ನಮ್ಮ ಶಿವಲೀಲಾನ ಮದುವಿ ಐತಿ, ಸಾರು ಬಡಸಾಕ ಯಾರೂ ಇಲ್ಲೋ, ಲಗೂನ ಬಾ ಮಾರಾಯಾ!" ಎಂದು ಕೂಗಿಬಿಟ್ಟರು. ಹಕ್ಕಿ ಕೊಕ್ಕು ಮುಚ್ಚಿತು. ಕಾಕಾನ ಮೇಲೆ ಸಿಟ್ಟಾಗೋಣವೆಂದರೆ ಅವರ ಕಣ್ಣಲ್ಲಿ ದಳದಳ ನೀರು. ನಮ್ಮ ಮನೆತನದಲ್ಲಿ ನೀನು ಬೇಕು ಎಂದು ಹೇಳುವುದು ಹಾಗೇ, ಕೆಲಸ ಹಚ್ಚಿ. ಇನ್ನೊಮ್ಮೆ ಅವಕಾಶ ಕೊಡಿ ಎಂದು ಕಚೇರಿಯ ಬಾಯಿಯವರ ಕೈ ಹಿಡಿದೆ. "ನಿಯಮ ಇಲ್ರೀ" ಎಂದು ಅವರು ತಲೆ ತಗ್ಗಿಸಿದರು.

ಇವತ್ತು ಹಕ್ಕಿ ತಂದ ಸದ್ದು ಕೇಳಿಸಿದರು. ಮೊದಲು ಗಾಳಿ. ಆಮೇಲೆ ಕಾಕಾನ ಕೂಗು. ಆಮೇಲೆ ಗೊತ್ತಿಲ್ಲದ ಭಾಷೆಯಲ್ಲಿ ಯಾರೋ ಅವಸರಪಡಿಸುವ ದನಿ, ತಟ್ಟೆಗಳ ಸದ್ದು. ಆಮೇಲೆ, ಟಣ್, ಟಣ್.

"ಅವನ ಕೈನs ಅದು" ಎಂದಳು ಅವ್ವ. "ಅಲ್ಲೂ ನಿಂತs ಬಡಸಾಕ್ಹತ್ಯಾನ" ಎಂದು ಅಪ್ಪ ಎದ್ದು ಹೊರಗೆ ಹೋದರು. ಅವನು ಬಡಿಸಿದ್ದನ್ನು ಉಂಡವರೇ ಆ ದೋಣಿಯನ್ನು ಮುಳುಗಿಸಿದ್ದು ಎಂಬುದನ್ನು ನಾನು ಮರೆತಿಲ್ಲ. ತಮ್ಮನಿಗಾಗಿ ಅಳುವಾಗ ಆ ನೂರಾ ಹನ್ನೆರಡು ಮಂದಿ ನನ್ನ ಪಕ್ಕದಲ್ಲೇ ಕೂತಿರುತ್ತಾರೆ.

ಹಿರಿಯರೇ, ನಾಳೆ ಸೂರ್ಯಾಸ್ತದವರೆಗೆ ನನಗೆ ಮಾಡಲು ಏನೂ ಉಳಿದಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಮುಂದಿನ ಪಂಕ್ತಿ ಕೂತಾಗ ಬಕೀಟು ಹಿಡಿದು ಬಂದವನ ಹೆಸರು ಕೇಳಿ. ಗೊತ್ತಿದ್ದರೆ ಹೆಸರು ಹಿಡಿದೇ ಕರೆಯಿರಿ. ಊಟ ಆಯಿತೇ ಎಂದು ಕೇಳಿ, ಇಲ್ಲವೆಂದರೆ ಸರಿದು ಜಾಗ ಕೊಡಿ. ಇನ್ನೂರು ವರ್ಷ ಹಾಗೆ ಮಾಡಿದರೆ ರೂಢಿಯಾಗಿ ನಮ್ಮ ಮನೆಯವರೆಗೂ ಬಂದೀತು. ನಿಮ್ಮಿಂದ ಆಗದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ. ಒಂದೇ ಮನೆಯಲ್ಲಿದ್ದ ನನ್ನಿಂದಲೇ ಆಗಲಿಲ್ಲ.

ಹಕ್ಕಿಯ ಸದ್ದನ್ನು ಒಂಬತ್ತು ಸಲ ಕೇಳಿದ್ದೇನೆ. ಕಾಕಾನ ಕೂಗು ಮುಗಿದ ಮೇಲೆ ಸೌಟು ಒಮ್ಮೆ ಟಣ್ ಎಂದು ಒಂದು ಗಳಿಗೆ ನಿಂತು, ಮತ್ತೆ ಟಣ್ ಎನ್ನುತ್ತದೆ. ಅವನು ಉಂಡಿದ್ದನೋ ಇಲ್ಲವೋ, ಆ ಸದ್ದಿನಲ್ಲಿ ತಿಳಿಯುವುದಿಲ್ಲ.

ನಿಮ್ಮ,
ನೀಲಗಂಗಾ