ಕೊಬ್ಬರಿಯಂತೆ ಜೋಪಾನ ಮಾಡಿದ ಕಂಪ್ಯೂಟರು

ಜಿಲ್ಲಾ ಗಣಕೀಕರಣ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮ ಹೋಬಳಿ ಕಚೇರಿಗೆ ತಾವು ದಯಪಾಲಿಸಿದ ಕಂಪ್ಯೂಟರು ಜೂನ್ ಒಂದರಿಂದ ಈಚೆಗೆ ನಲವತ್ತೊಂದು ಸಲ ಸತ್ತಿದೆ. ಸತ್ತದ್ದು ಮತ್ತೆ ಏಳುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಒಮ್ಮೆ ಕರೆಂಟು ಹೋಗಿ ಬಂದರೆ ಸಾಕು, ಇಸವಿಯನ್ನೇ ಮರೆತು 2002ರ ಜನವರಿ ಒಂದನೇ ತಾರೀಖಿಗೆ ಎದ್ದು ಕೂರುತ್ತದೆ. ಅದರ ಈ ಮರೆವಿನಿಂದಾಗಿ ನೌಶೀನ್ ಎಂಬ ಹುಡುಗಿಗೆ ಸಿಕ್ಕಿರುವ ಪಾಲಿಟೆಕ್ನಿಕ್ ಸೀಟು ಬರುವ ಸೋಮವಾರ ಸಂಜೆ ಐದು ಗಂಟೆಗೆ ಕೈತಪ್ಪಲಿದೆ. ಇದಿಷ್ಟೂ ತಮ್ಮ ಕಡತದಲ್ಲಿ ‘ಸಮಸ್ಯೆ ಬಗೆಹರಿದಿದೆ’ ಎಂದು ದಾಖಲಾಗಿರುವುದರಿಂದ, ಬಗೆಹರಿದ ಸಮಸ್ಯೆ ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ತಿಳಿಸಲು ಈ ಪತ್ರ.

ನಾನು ಆ ಕಚೇರಿಯ ಮುಂದಿನ ಹೊಂಗೆ ಮರದ ಕೆಳಗೆ ಇಪ್ಪತ್ತೆರಡು ವರ್ಷದಿಂದ ಅರ್ಜಿ ಬರೆಯುತ್ತಿರುವವನು. ಕಂಪ್ಯೂಟರು ಬಂದ ದಿನ ನನ್ನ ಕಸುಬು ಮುಗಿಯಿತು ಅಂದುಕೊಂಡಿದ್ದೆ. ತಮ್ಮ ಕೃಪೆಯಿಂದ ಹಾಗಾಗಲಿಲ್ಲ. ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಹೊಸ ತಂತಿ ಸುತ್ತಿ ಕೊಡುವ ಮುನಾಫನ ಮಗಳು ಈ ನೌಶೀನ್. ಅವಳ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ಒಂದೇ ಅರ್ಜಿಯನ್ನು ನಾನು ಐದು ಸಲ ಬರೆದಿದ್ದೇನೆ. ಈಗ ಅದು ನನಗೆ ಬಾಯಿಪಾಠ. ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ಹಿಂದೆ ಗಿಡ್ಡಯ್ಯ ಎಂಬ ಗುಮಾಸ್ತರಿದ್ದರು. ಮೂಗಿನ ತುದಿಗೆ ಕನ್ನಡಕ ಇಳಿಸಿ, ಮಸಿ ಕುಡಿಕೆಗೆ ಲೇಖನಿ ಅದ್ದಿ, ಮಧ್ಯಾಹ್ನದ ಊಟದೊಳಗೆ ಪತ್ರ ಕೊಟ್ಟುಬಿಡುತ್ತಿದ್ದರು. ಅವರು ಎಷ್ಟೇ ಬಿಸಿಯಾದರೂ ತಾವೇ ಆರಿಹೋಗುತ್ತಿರಲಿಲ್ಲ. ಇವತ್ತು ಯಾವ ತಾರೀಖು ಎಂಬುದೂ ಅವರಿಗೆ ಗೊತ್ತಿರುತ್ತಿತ್ತು. ಕೈಬರಹದ ಪತ್ರ ಇನ್ನು ಮುಂದೆ ಸಿಂಧುವಲ್ಲ ಎಂದು ತಾವು ಸುತ್ತೋಲೆ ಹೊರಡಿಸಿದಿರಿ. ಸರಿ, ಕಾಲ ಮುಂದೆ ಹೋಗಬೇಕಲ್ಲ. ಆದರೆ ಐದೂವರೆ ವರ್ಷ ಹಿಂದಕ್ಕೆ ಹೋಗುತ್ತದೆ ಎಂದು ಸುತ್ತೋಲೆಯಲ್ಲಿ ಇರಲಿಲ್ಲ.

ಇನ್ನೊಂದು ಸುತ್ತೋಲೆಯೂ ಬಂತು: ‘ಯಂತ್ರವನ್ನು ಧೂಳಿನಿಂದ ಕಡ್ಡಾಯವಾಗಿ ರಕ್ಷಿಸತಕ್ಕದ್ದು, ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.’ ಹೇಗೆ ರಕ್ಷಿಸಬೇಕೆಂದು ಅದರಲ್ಲಿ ಬರೆದಿರಲಿಲ್ಲ. ಕಚೇರಿಯ ಜವಾನ ದೊಡ್ಡರಂಗಯ್ಯ ಅದನ್ನು ನನ್ನ ಕೈಲಿ ಎರಡು ಸಲ ಓದಿಸಿಕೊಂಡ. ಅವನು ಕೊಬ್ಬರಿ ಮನೆಯ ಮಗ. ನಮ್ಮ ಸೀಮೆಯಲ್ಲಿ ಬೆಲೆಬಾಳುವ ವಸ್ತುವನ್ನು ಜೋಪಾನ ಮಾಡುವುದು ಒಂದೇ ರೀತಿ. ಕಾಯಿ ಅಟ್ಟ ಹತ್ತಿತೆಂದರೆ ವರ್ಷ ತುಂಬುವವರೆಗೆ ಯಾರೂ ಮುಟ್ಟಬಾರದು, ಮಳೆಗಾಳಿ ಸೋಕಬಾರದು. ಆಗಲೇ ಒಳಗೆ ಉಂಡೆ ಕೊಬ್ಬರಿ ಕಟ್ಟುತ್ತದೆ. ಅದೇ ಶ್ರದ್ಧೆಯಿಂದ ಅವನು ಹಲಸಿನ ಹಲಗೆಯಲ್ಲಿ ಒಂದು ಪೆಟ್ಟಿಗೆ ಮಾಡಿಸಿ, ಸಿಪಿಯುವನ್ನು ಅದರೊಳಗೆ ಕೂರಿಸಿ, ಅಲುಗಾಡದಂತೆ ಸುತ್ತಲೂ ತೆಂಗಿನ ನಾರು ಒತ್ತಿ, ಮೇಲೆ ಗೋಣಿತಾಟು ಹೊದಿಸಿ ಬೀಗ ಹಾಕಿದ. ವೈರು ಹೋಗಲು ಒಂದು ತೂತು, ಗುಂಡಿ ಒತ್ತಲು ಇನ್ನೊಂದು ತೂತು. ಕೊಬ್ಬರಿಯಾಗಿದ್ದರೆ ತಿಪಟೂರಿನಲ್ಲಿ ಮೊದಲ ದರ್ಜೆಗೆ ಹೋಗುತ್ತಿತ್ತು.

ಅದು ಸಾಯತೊಡಗಿತು. ಗುತ್ತಿಗೆ ಆಪರೇಟರ್ ಸೂರ್ಯಪ್ರಕಾಶ್ ಪ್ರತಿ ಸಾವನ್ನೂ ಗಂಟೆ ನಿಮಿಷ ಸಹಿತ ತಮಗೆ ಬರೆದು ಕಳಿಸಿದ. ತಮ್ಮ ಎಂಜಿನಿಯರು ಮೂರು ಸಲ ಬಂದರು. ಮೊದಲ ಸಲ ವೈರಸ್ಸು ಎಂದರು. ಎರಡನೆಯ ಸಲ ಕರೆಂಟು ಎಂದರು. ಮೂರನೆಯ ಸಲ, ಕಿಟಕಿಯಿಂದ ಬಿಸಿಲು ಬೀಳುತ್ತದೆ ಎಂದು ಕಿಟಕಿಯನ್ನೂ ಮುಚ್ಚಿಸಿದರು. ಮೂರೂ ಸಲ ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿದರು. ಹಾಗೆ ಅಳಿಸಿದ್ದರಲ್ಲಿ ನೌಶೀನಳ ಮೂರು ಅರ್ಜಿಗಳೂ ಹೋದವು. ಯಂತ್ರ ಏಳುವಾಗ ಬಯಾಸ್ ಎಂಬ ನೀಲಿ ಪರದೆ ತೆರೆದು, ತಾರೀಖು ತಿದ್ದಿ, ಇಷ್ಟು ಬಿಸಿಯಾದರೆ ತಾನೇ ಆರಿಹೋಗು ಎಂಬ ಮಿತಿಯನ್ನೂ ಮೇಲೇರಿಸಿದರು. ಆ ಪರದೆಯನ್ನು ಮತ್ಯಾರೂ ತೆರೆಯಬಾರದೆಂದು ಬರೆದು ಅಂಟಿಸಿ ಜೀಪು ಹತ್ತಿದರು. ಜೀಪು ಕೆಂಕೆರೆ ದಾಟುವ ಹೊತ್ತಿಗೆ ಇಲ್ಲಿ ಕರೆಂಟು ಹೋಯಿತು. ಬಂದಾಗ ಯಂತ್ರ ಅವರು ಹೇಳಿಕೊಟ್ಟದ್ದನ್ನೆಲ್ಲ ಮರೆತು, ಕಾರ್ಖಾನೆಯವರು ಹೇಳಿಕೊಟ್ಟಿದ್ದ ಹಳೇ ಮಿತಿಗೂ ಹಳೇ ತಾರೀಖಿಗೂ ಮರಳಿತ್ತು. ಇದು ಮೂರು ಸಲವೂ ನಡೆಯಿತು. ಅಷ್ಟು ದೂರ ಬಂದವರು, ಆ ಪೆಟ್ಟಿಗೆಯ ಬೀಗ ತೆಗೆಯಿರಿ ಎಂದು ಒಮ್ಮೆಯಾದರೂ ಕೇಳಬಾರದಿತ್ತೇ?

ಜುಲೈ ಹನ್ನೊಂದರಂದು ನಾಲ್ಕನೆಯ ಅರ್ಜಿ ಹಿಡಿದು ಮಗಳ ಜೊತೆ ಮುನಾಫನೂ ಬಂದ. ನಾನೂ ಅವರ ಜೊತೆ ಒಳಗೆ ಹೋದೆ. ಅವರ ಸರದಿ ಬಂದಾಗ ಯಂತ್ರ ಸತ್ತಿತ್ತು. ಅವನು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ.

“ರಂಗಣ್ಣ, ಒಳಗೆ ಏನಾರ ಬೇಯ್ಸಕ್ಕಿಟ್ಟಿದ್ದೀಯಾ?”

“ಸರ್ಕಾರದ ಸಾಮಾನು ಕಣ್ಲಾ, ಮುಟ್ಬ್ಯಾಡ.”

“ರೊಟ್ಟಿ ಹೆಂಚು ಇದ್ದಂಗೈತಲ್ಲಣ್ಣ! ಬೀಗ ತೆಗಿ, ಒಂದ್ಸಲ ನೋಡಾನ.”

“ಗಾಳಿ ತಾಕುದ್ರೆ ಕೆಟ್ಟೋಯ್ತದೆ ಕಣ್ಲಾ. ನಮ್ಮಪ್ಪನ ಕೊಬ್ಬರಿ ಒಂದು ದಿನ ವಾಪಸ್ ಬಂದಿಲ್ಲ, ಗೊತ್ತಾ?”

“ಕೊಬ್ಬರಿ ಸುಮ್ನೆ ಮಲಗಿರ್ತದಣ್ಣ. ಇದು ದುಡಿಯೋದು. ನೀನು ಹೊಲ ಉಳೋ ಎತ್ತಿನ ಮೂಗು ಮುಚ್ಚಿದ್ದೀಯ ನೋಡು.”

ದೊಡ್ಡರಂಗಯ್ಯ ನನ್ನ ಮುಖ ನೋಡಿದ. ನಾನು ಹೊಂಗೆ ಮರದ ಕಡೆ ನೋಡಿದೆ. ಸೂರ್ಯಪ್ರಕಾಶ್ ಪ್ಲಗ್ ಕಿತ್ತು, “ನಾನು ಟೀ ಕುಡ್ದು ಬತ್ತೀನಿ ಕಣ್ರೀ” ಎಂದು ಎದ್ದುಹೋದ. ಬೀಗ ತೆಗೆದು ಸುತ್ತಲಿನ ನಾರನ್ನೆಲ್ಲ ಹೊರಗೆಳೆದದ್ದಾಯಿತು. ಒಳಗಿನ ಫ್ಯಾನಿಗೆ ನಾರು ಎಷ್ಟು ಸುತ್ತಿಕೊಂಡಿತ್ತೆಂದರೆ ಗುಬ್ಬಿ ಬಂದು ಮೊಟ್ಟೆ ಇಡುವುದೊಂದು ಬಾಕಿ. ಮುನಾಫ ಬಣ್ಣದ ಬ್ರಷ್ಷಿನಿಂದ ಹತ್ತು ನಿಮಿಷ ಗುಡಿಸಿದ. ತಣ್ಣಗಿರುವ ಯಂತ್ರಕ್ಕೆ ಬಿಸಿಯ ಮಿತಿ ಎಷ್ಟಿದ್ದರೇನು? ಆ ದಿನ ಸಂಜೆಯವರೆಗೆ ಅದು ಒಮ್ಮೆಯೂ ಸಾಯಲಿಲ್ಲ. ಮೂವತ್ತನಾಲ್ಕು ಜನಕ್ಕೆ ಪತ್ರ ಸಿಕ್ಕಿತು. ಉಪತಹಶೀಲ್ದಾರರು ಸಂತೋಷದಲ್ಲಿ ಒಂದನ್ನೂ ಓದದೆ ಸಹಿ ಹಾಕಿದರು. ನಾವೂ ಓದಲಿಲ್ಲ, ಸುಳ್ಳು ಹೇಳುವುದಿಲ್ಲ.

ಓದಿದವರು ಪಾಲಿಟೆಕ್ನಿಕ್ಕಿನ ಗುಮಾಸ್ತೆ ಗಂಗಲಕ್ಷ್ಮಿ. “ಇದು ಹಳೇದು ಕಣಮ್ಮ, 2002ರದ್ದು. ಈ ವರ್ಷದ್ದು ತಗೊಂಡು ಬಾ. ಮೂವತ್ತನೇ ತಾರೀಖು ಸಂಜೆ ಐದು ದಾಟಿದ್ರೆ ಸೀಟು ಮುಂದಿನೋರಿಗೆ ಹೋಯ್ತದೆ” ಎಂದರಂತೆ. ನೌಶೀನ್ ಹಿಂತಿರುಗಿ ನನ್ನ ಚಾಪೆಯ ಮೇಲೆ ಕೂತು ಪತ್ರ ತೋರಿಸಿದಳು.

“ತಾತ, ನಾನು ಐದನೇ ಕ್ಲಾಸಲ್ಲೇ ಡಿಪ್ಲೊಮಾಗೆ ಅರ್ಜಿ ಹಾಕಿದ್ದೆ ನೋಡಿ, ಎಷ್ಟು ಜಾಣೆ!” ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಆಮೇಲೆ, “ಒಳಗೆ ಒಂದು ಸೆಲ್ ಇರ್ತದೆ ತಾತ, ಕರೆಂಟ್ ಇಲ್ದಾಗ ತಾರೀಖು ನೆನಪಿಟ್ಕೊಳಕ್ಕೆ. ಅದು ಮುಗ್ದೋಗಿದೆ ಅಷ್ಟೆ” ಎಂದಳು. ಅವಳಿಗೆ ಸಿಕ್ಕಿರುವುದು ಎಲೆಕ್ಟ್ರಾನಿಕ್ಸ್ ಸೀಟು. ಕಾಲೇಜಿನಲ್ಲಿ ಇನ್ನೂ ಒಂದು ದಿನವೂ ಪಾಠ ಕೇಳದ ಹುಡುಗಿ ಕೂತಲ್ಲೇ ಹೇಳಿದ್ದು ಮೂರು ಸಲ ಜೀಪಿನಲ್ಲಿ ಬಂದವರಿಗೆ ಹೊಳೆಯಲಿಲ್ಲ. ಆ ಸೀಟು ತಪ್ಪಿಸಲು ತಮ್ಮ ಯಂತ್ರ ಯಾಕಿಷ್ಟು ಹಟ ಹಿಡಿದಿದೆ ಎಂದು ಈಗ ನನಗೆ ಅರ್ಥವಾಗುತ್ತಿದೆ.

ಗಡಿಯಾರ ರಿಪೇರಿಯ ನವಾಜನಿಂದ ಸೆಲ್ ತಂದೆವು. ಎಂಟಾಣೆ ನಾಣ್ಯದಷ್ಟಿದೆ. ಹದಿನಾರನೇ ತಾರೀಖು ಕಚೇರಿಗೆ ಹೋದರೆ ಪೆಟ್ಟಿಗೆಗೆ ಅರಗಿನ ಮುದ್ರೆ ಬಿದ್ದಿತ್ತು! ನಡೆದದ್ದು ಇಷ್ಟು: ಹನ್ನೊಂದರ ಸಂಜೆ ಸೂರ್ಯಪ್ರಕಾಶ್ ಪ್ರಾಮಾಣಿಕವಾಗಿ ‘ಫ್ಯಾನು ಶುಚಿ ಮಾಡಲಾಗಿದೆ, ಯಂತ್ರ ಚೆನ್ನಾಗಿ ನಡೆಯುತ್ತಿದೆ’ ಎಂದು ತಮಗೆ ವರದಿ ಕಳಿಸಿದ್ದ. ಅಷ್ಟೊಂದು ಸಾವಿನ ಸುದ್ದಿಗೆ ಮೂರು ಸಲ ಹೊರಟ ಜೀಪು, ಬದುಕಿದೆ ಎಂಬ ಒಂದೇ ಸುದ್ದಿಗೆ ಮರುದಿನವೇ ಬಂತು. ಅನಧಿಕೃತ ವ್ಯಕ್ತಿ ಮುಟ್ಟಿದ್ದಾನೆಂದು ದೊಡ್ಡರಂಗಯ್ಯನಿಗೆ ನೋಟಿಸು ಕೊಟ್ಟರು. ‘ಯಥಾಸ್ಥಿತಿ ಕಾಪಾಡತಕ್ಕದ್ದು’ ಎಂದು, ತೆಗೆದಿದ್ದ ನಾರನ್ನು ಅವನ ಕೈಯಿಂದಲೇ ಮತ್ತೆ ತುಂಬಿಸಿ ಮುದ್ರೆ ಒತ್ತಿದರು. ಯಥಾಸ್ಥಿತಿ ಚೆನ್ನಾಗಿ ಕಾಪಾಡಿಕೊಂಡಿದೆ: ಶನಿವಾರ ಮೂರು ಸಲ, ನಿನ್ನೆ ನಾಲ್ಕು ಸಲ.

ತಾರೀಖನ್ನಾದರೂ ತಿದ್ದಿಕೊಡಪ್ಪ ಎಂದು ಐದನೆಯ ಅರ್ಜಿ ಹಿಡಿದು ಸೂರ್ಯಪ್ರಕಾಶನನ್ನು ಕೇಳಿದೆ. “ತಪ್ಪು ಅಂತ ನಂಗೂ ಕಾಣ್ತದೆ ಕಣ್ರೀ, ಕಾಣೋಕೆ ಮಾತ್ರ ಅಧಿಕಾರ ಕೊಟ್ಟವ್ರೆ” ಎಂದ. ಉಪತಹಶೀಲ್ದಾರರು, ಕಂಪ್ಯೂಟರಿನ ಪತ್ರವನ್ನು ಪೆನ್ನಿನಲ್ಲಿ ತಿದ್ದಿದರೆ ಅಸಿಂಧು ಎಂದರು.  ದೊಡ್ಡರಂಗಯ್ಯನ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಈಗ ಪೆಟ್ಟಿಗೆಯಿಂದ ನಾಲ್ಕು ಮಾರು ದೂರ ಸ್ಟೂಲು ಹಾಕಿಕೊಂಡು ಕೂರುತ್ತಾನೆ.

ಮಾನ್ಯರೇ, ಹೊಸ ಕಂಪ್ಯೂಟರು ಬೇಡ. ಈ ಶುಕ್ರವಾರದೊಳಗೆ ಅಧಿಕಾರವಿರುವ ಯಾರಾದರೊಬ್ಬರು ಬಂದು ಮುದ್ರೆ ಒಡೆಯಲಿ, ನಾರು ತೆಗೆಯಲಿ, ಆ ಸೆಲ್ ಹಾಕಲಿ, ನೌಶೀನಳಿಗೆ ಈ ವರ್ಷದ ಪತ್ರ ಕೊಡಲಿ. ಅವಳ ಜೊತೆ ಪತ್ರ ಪಡೆದ ಉಳಿದ ಮೂವತ್ತಮೂರು ಜನಕ್ಕೂ ಕೊಡಲಿ. ತಮ್ಮ ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದ ತಪ್ಪಿಗೆ ದೊಡ್ಡರಂಗಯ್ಯನಿಗೆ ಕೊಟ್ಟ ನೋಟಿಸು ವಾಪಸಾಗಲಿ. ಬರುವವರು ಸೆಲ್ ತರಬೇಕಾಗಿಲ್ಲ. ಅದು ಕಾಗದದಲ್ಲಿ ಸುತ್ತಿ ನನ್ನ ಅಂಗಿ ಜೇಬಿನಲ್ಲಿದೆ.

ಇದಾಗದಿದ್ದರೆ ಇನ್ನೊಂದು ದಾರಿಯಿದೆ. ಇಡೀ ಹೋಬಳಿಯಲ್ಲಿ ಇವತ್ತು 2002ರ ಜನವರಿ ಒಂದು ಎಂದು ಆದೇಶ ಹೊರಡಿಸಿ. ಉದುರಿದ ನನ್ನ ನಾಲ್ಕು ಹಲ್ಲು ವಾಪಸು ಬರಲಿ. ನೌಶೀನ್ ಎರಡು ಜಡೆ ಹಾಕಿಕೊಂಡು ಐದನೇ ಕ್ಲಾಸಿಗೆ ಹೋಗಲಿ. ಸೋಮವಾರದ ಗಡುವಿಗೆ ಆಗ ಅವಳಿಗೆ ಐದೂವರೆ ವರ್ಷ ಸಮಯವಿರುತ್ತದೆ. ಅಷ್ಟರಲ್ಲಿ ತಮ್ಮ ಜೀಪು ಐದನೆಯ ಸಲ ಬಂದರೂ ಬರಬಹುದು.

ಇಂತಿ,
ಕೈಬರಹ ಸಿಂಧುವಲ್ಲವೆಂದು ತಿಳಿದೂ ಕೈಯಲ್ಲೇ ಬರೆದ,
ಹೊಂಗೆ ಮರದ ಗಂಗಾಧರಯ್ಯ

ತಾರೀಖು: ನಮ್ಮ ಗೋಡೆಯ ಕ್ಯಾಲೆಂಡರಿನಂತೆ 24-7-2007. ತಮ್ಮ ಕಚೇರಿಯಲ್ಲಿ ಎಷ್ಟಾಗಿದೆಯೋ ತಿಳಿಯದು.