ಅಪ್ಪನ ಹೆಬ್ಬೆರಳಚ್ಚು ಬಿದ್ದ ಗಾಜು

ಮಾರ್ಚ್ ೧೧, ಮಂಗಳವಾರ

ಆ ಕಪಾಟಿಗೆ ಇವತ್ತು ಕೈ ಹಾಕಬಾರದಿತ್ತು. ಲ್ಯಾಬಿನ ಹಳೆಯ ಗಾಜಿನ ತುಂಡುಗಳನ್ನೆಲ್ಲ ಎಸೆಯಲು ಹೇಳಿದ್ದರು. ಕೆಳಗಿನ ಖಾನೆಯಲ್ಲಿ ಅದು ಸಿಕ್ಕಿತು, ಮೇಲೆ ನನ್ನದೇ ಅಕ್ಷರದಲ್ಲಿ ‘ಕೆಟ್ಟಿದೆ’ ಎಂಬ ಚೀಟಿ.

ಹೋದ ವರ್ಷ ಅಪ್ಪ ನನ್ನ ಕೆಲಸ ನೋಡಲು ಬಂದಿದ್ದ. ಮೂವತ್ತು ವರ್ಷ ಬಸ್ಸು ಓಡಿಸುತ್ತ ಮುಂದಿನ ಗಾಜಿನ ಮಂಜು ಒರೆಸಿದವನಿಗೆ ಮಂಜೇ ಹಿಡಿಯದ ಗಾಜು ತೋರಿಸುವ ಆಸೆ ನನಗೇ ಇತ್ತು. ಆ ಗಾಜಿನ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಮೊನೆಗಳು. ಬೆಳಕು ಬಿದ್ದರೂ ಹೊಳೆಯುವುದಿಲ್ಲ, ನೀರು ಹನಿಯಾಗಿ ನಿಲ್ಲದೆ ತೆಳ್ಳಗೆ ಹರಡಿಬಿಡುತ್ತದೆ. ಬೆರಳಿನ ಜಿಡ್ಡು ತಾಗಿತೋ, ಮುಗಿಯಿತು. ಅಪ್ಪ ಹೆಬ್ಬೆರಳನ್ನೇ ಒತ್ತಿಬಿಟ್ಟ.

“ಮುಟ್ಬೇಡ ಅಂತ ಬಡ್ಕೊಂಡೆ ತಾನೆ? ಮೂರು ವಾರದ ಕೆಲಸ ಹೋಯ್ತು!” ಎಲ್ಲರೆದುರೇ ರೇಗಿದೆ.

“ಗಾಜೇ ಕಾಣ್ಲಿಲ್ಲ ಕಣೇ. ಇದೆಯೋ ಇಲ್ವೋ ಅಂತ ನೋಡ್ದೆ, ಅಷ್ಟೆ,” ಎಂದು ಕೈಯನ್ನು ಜೇಬಿಗೆ ಹಾಕಿಕೊಂಡ. ಮನೆ ತಲುಪುವವರೆಗೂ ಹೊರಗೆ ತೆಗೆಯಲಿಲ್ಲ.

ಅವನು ತೀರಿಕೊಂಡು ಐದು ತಿಂಗಳಾಯಿತು.

ಅಭ್ಯಾಸಬಲದಿಂದ ಗಾಜಿನ ಮೇಲೆ ಉಸಿರು ಬಿಟ್ಟೆ. ನಾವು ಪರೀಕ್ಷಿಸುವುದೇ ಹಾಗೆ. ಗಾಜೆಲ್ಲ ತಿಳಿಯಾಗಿಯೇ ಉಳಿಯಿತು. ಜಿಡ್ಡಿದ್ದಲ್ಲಿ ಮಾತ್ರ ಮಂಜು ಕಟ್ಟಿ ಅಪ್ಪನ ಹೆಬ್ಬೆರಳು ಎದ್ದು ಬಂತು, ನಡುವಿನ ಹಳೇ ಗಾಯದ ಗೆರೆ ಸಮೇತ. ಎರಡು ಕ್ಷಣ, ಆಮೇಲೆ ಇಲ್ಲ.

ಎಸೆಯಲಿಲ್ಲ, ಮನೆಗೆ ತಂದೆ. ಉಸಿರಿನ ತೇವಕ್ಕೆ ಆ ಗುರುತೂ ಸವೆದುಹೋದೀತೆಂಬ ಭಯ. ಇನ್ನು ಸಾಕು ಎಂದುಕೊಂಡೇ ಈಗ ಮತ್ತೊಮ್ಮೆ ಉಸಿರು ಬಿಟ್ಟೆ, ಅಪ್ಪಾ. ಇದೆಯೋ ಇಲ್ವೋ ಅಂತ ನೋಡೋಕೆ, ಅಷ್ಟೆ.